ಪೀಪಿ ಗೊಂಬೆಯ ಹುಚ್ಚಿನ ನಮ್ಮ ಬೆಲ್ಲ

ಒತ್ತಿದರೆ ‘ಪೀಂ’ ಎನ್ನುವ ಪೀಪಿ ಗೊಂಬೆಯ ಹುಚ್ಚು ಹಿಡಿದ ನಾಯಿಯಿಂದ ಗೊಂಬೆಗಳನ್ನೆಲ್ಲ ಕಿತ್ತು ಅಟ್ಟಕ್ಕೆ ಹಾಕಿಬಿಡಿ ಎನ್ನುವವರು ಬಹಳ ಜನ. ನಾನು ಹಾಗೆ ಮಾಡಲಿಲ್ಲ, ಮಾಡಿ ಎಂದು ಯಾರಿಗೂ ಹೇಳುವುದೂ ಇಲ್ಲ. ನಮ್ಮ ಬೆಲ್ಲ ಡ್ಯಾಶ್‌ಹಂಡ್ ಜಾತಿಯ ಹೆಣ್ಣು. ಜರ್ಮನಿಯಲ್ಲಿ ಈ ತಳಿಯನ್ನು ಬೆಳೆಸಿದ್ದೇ ಬ್ಯಾಡ್ಜರ್ ಎಂಬ ಪ್ರಾಣಿಯ ಬಿಲಕ್ಕೆ ನುಗ್ಗಲಿ ಅಂತ. ಕುಳ್ಳ ಕಾಲು, ಉದ್ದ ಮೈ ಎಲ್ಲ ಆ ಕೆಲಸಕ್ಕೇ. ಮೈಸೂರಿನ ಮನೆಯಲ್ಲಿ ಅವಳಿಗೆ ಬೇಟೆ ಎಲ್ಲಿಂದ ತರೋಣ? ಹಿತ್ತಲಿಗೆ ಹೆಗ್ಗಣ ಬಂದರೆ ಸರಿ, ಇಲ್ಲದಿದ್ದರೆ ಹಳದಿ ರಬ್ಬರ್ ಕೋಳಿಯೇ ಗತಿ. ಹಲ್ಲು ಊರಿದ ಕೂಡಲೇ ಅದು ‘ಪೀಂ’ ಎನ್ನುತ್ತದೆ, ಸಿಕ್ಕಿಬಿದ್ದ ಸಣ್ಣ ಪ್ರಾಣಿ ಕಿರುಚಿದ ಹಾಗೆ. ಕಚ್ಚಿದ ಕ್ಷಣಕ್ಕೇ ಉತ್ತರ ಸಿಗುವಾಗ ಯಾವ ನಾಯಿ ಬಿಟ್ಟೀತು?

ಅದಕ್ಕೇ ಗೊಂಬೆಯನ್ನು ಉಳಿಸಿಕೊಂಡು, ಆಟದ ಶುರುವನ್ನೂ ಕೊನೆಯನ್ನೂ ನನ್ನ ಕೈಯಲ್ಲಿ ಇಟ್ಟುಕೊಂಡೆ. ಗೊಂಬೆಗಳೆಲ್ಲ ಮುಚ್ಚಳವಿರುವ ಹಳೆಯ ಅಕ್ಕಿ ಡಬ್ಬದಲ್ಲಿರುತ್ತವೆ. ಒಂದು ಹೊರಗೆ ಬಂದರೆ ಮಿಕ್ಕವು ಒಳಗೆ. ಕೆಲವು ದಿನ ಕಣ್ಣಿಗೆ ಬೀಳದ ಗೊಂಬೆ ಮತ್ತೆ ಹೊಸದಾಗುತ್ತದೆ, ಅಂಗಡಿಗೆ ಓಡುವ ಅಗತ್ಯವೂ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಶ್ರಮ ಹಾಕಿದ್ದು ‘ಬಿಡು’ ಎಂಬ ಒಂದು ಮಾತು ಕಲಿಸಲು. ಬಾಯಲ್ಲಿರುವುದನ್ನು ಎಳೆದರೆ ನಾಯಿ ಇನ್ನೂ ಬಿಗಿಯಾಗಿ ಹಿಡಿಯುತ್ತದೆ, ಅದಕ್ಕೆ ಅದೂ ಆಟವೇ. ಅವಳಿಗೆ ಅಷ್ಟೇನೂ ಇಷ್ಟವಿಲ್ಲದ ಬಟ್ಟೆಯ ಗೊಂಬೆಯಿಂದ ಶುರು ಮಾಡಿದೆ. ‘ಬಿಡು’ ಎಂದು ಒಂದೇ ಸಲ ಹೇಳಿ, ಬೇಯಿಸಿದ ಕೋಳಿಯ ಚೂರನ್ನು ಮೂಗಿನ ಹತ್ತಿರ ಹಿಡಿಯುವುದು. ಬಾಯಿ ತೆರೆದ ಕೂಡಲೇ ಚೂರು ಅವಳಿಗೆ. ಅದನ್ನು ನುಂಗಿದ ಮೇಲೆ ಗೊಂಬೆಯನ್ನೂ ವಾಪಸ್ ಕೊಡುವುದು. ಈ ವಾಪಸ್ ಕೊಡುವುದರಲ್ಲೇ ಎಲ್ಲ ಇದೆ. ಬಿಟ್ಟರೆ ಕಳೆದುಹೋಗುವುದಿಲ್ಲ ಎಂಬ ನಂಬಿಕೆ ಬಂದಮೇಲೆ ಹಳದಿ ಕೋಳಿಯನ್ನೂ ಬಿಡತೊಡಗಿದಳು. ಅಲ್ಲಿಯವರೆಗೆ ಯಾರಾದರೂ ಹತ್ತಿರ ಹೋದರೆ ಮೈ ಬಿಗಿಹಿಡಿದು, ಓರೆಗಣ್ಣಿನಲ್ಲಿ ನೋಡಿ ಗುರ್ ಎನ್ನುತ್ತಿದ್ದಳು. ಗುರ್ ಎಂದದ್ದಕ್ಕೆ ಗದರಲೇಬಾರದು. ಅದು ಎಚ್ಚರಿಕೆ, ಅದನ್ನು ಹೊಡೆದು ಅಡಗಿಸಿದರೆ ನಾಯಿ ಮುನ್ಸೂಚನೆಯಿಲ್ಲದೆ ಕಚ್ಚಲು ಕಲಿಯುತ್ತದೆ.

ಕೆಂಪು ಗಾರೆ ನೆಲ ಜಾರುತ್ತದೆ, ಹೀಗಾಗಿ ಆಟ ಚಾಪೆಯ ಮೇಲೆ. ಈ ತಳಿಗೆ ಬೆನ್ನುಮೂಳೆಯ ಡಿಸ್ಕ್ ತೊಂದರೆ ಬರುವುದು ಹೆಚ್ಚು. ಕೋಳಿಯನ್ನು ನೆಲದ ಮೇಲೆ ಉರುಳಿಸುತ್ತೇನೆ, ಹಾರಿ ಹಿಡಿಯುವ ಹಾಗೆ ಮೇಲಕ್ಕೆ ಎಸೆಯುವುದಿಲ್ಲ. ಸೋಫಾದಿಂದ ಜಿಗಿಯಲೂ ಬಿಡುವುದಿಲ್ಲ. ಆಟ ಮುಗಿಯುವ ಹೊತ್ತಿಗೆ ‘ಸಾಕು’ ಎಂದು ಹೇಳಿ, ತಟ್ಟೆಗೆ ಮೊಸರು ಹಚ್ಚಿ ನೆಕ್ಕಲು ಇಡುತ್ತೇನೆ. ನೆಕ್ಕುತ್ತಾ ನೆಕ್ಕುತ್ತಾ ಆ ಏದುಸಿರು ಇಳಿಯುತ್ತದೆ, ಅಷ್ಟರಲ್ಲಿ ಕೋಳಿ ಡಬ್ಬ ಸೇರಿರುತ್ತದೆ.

ಬೀದಿಯಲ್ಲಿ ಬೇರೆಯೇ ಪರೀಕ್ಷೆ. ಆಗಷ್ಟೇ ನಡೆಯಲು ಕಲಿತ ಮಕ್ಕಳಿಗೆ ಹಾಕುವ ಪೀಪಿ ಚಪ್ಪಲಿ! ಆ ಸದ್ದು ಕೇಳಿದರೆ ಬೆಲ್ಲಳ ಮುಂಗಾಲು ಒಂದು ಮೇಲೇಳುತ್ತದೆ, ಕಿವಿ ಮುಂದಕ್ಕೆ ಬರುತ್ತದೆ, ಕಣ್ಣು ಮಗುವಿನ ಪಾದ ಬಿಟ್ಟು ಕದಲುವುದಿಲ್ಲ. ಇದನ್ನು ಮುದ್ದು ಅಂತ ನಗುತ್ತಾ ನೋಡುವ ವಿಷಯವೇ ಅಲ್ಲ. ಬೆಲ್ಟ್ ಗಿಡ್ಡ ಹಿಡಿದು, ಸದ್ದು ಸಣ್ಣಗೆ ಕೇಳಿಸುವಷ್ಟು ದೂರದಲ್ಲಿ ನಿಂತು, ನನ್ನ ಕಡೆ ತಿರುಗಿದಾಗಲೆಲ್ಲ ತಿನ್ನಲು ಕೊಡುತ್ತಾ ಕ್ರಮೇಣ ಹತ್ತಿರವಾದೆವು. ಈಗ ‘ಪೀಂ’ ಕೇಳಿದರೆ ನನ್ನ ಮುಖ ನೋಡುತ್ತಾಳೆ. ಆದರೂ ಪಕ್ಕದ ಮನೆಯವರಿಗೆ ಹೇಳಿದ್ದೇನೆ: “ಅಕ್ಕ, ಪಾಪು ನಮ್ಮನೆಗೆ ಬರುವಾಗ ಆ ಚಪ್ಪಲಿ ಗೇಟಿನ ಹತ್ತಿರವೇ ಬಿಚ್ಚಿಬಿಡಿ.” ಮಗು ನೆಲದ ಮೇಲಿರುವಾಗ ಬೆಲ್ಲ, ಮಗು ಇಬ್ಬರನ್ನೇ ಬಿಟ್ಟು ನಾನು ಅಡುಗೆಮನೆಗೂ ಹೋಗುವುದಿಲ್ಲ.

ಮನುಷ್ಯರ ಕಿವಿಗೆ ಕೇಳದ ಪೀಪಿಯ ಗೊಂಬೆಗಳೂ ಸಿಗುತ್ತವೆ. ನಮಗೆ ಕೇಳಿಸುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ (ಸದ್ದು ಎಷ್ಟು ಕೀರಲು ಎಂಬುದರ ಅಳತೆ), ನಾಯಿಗೆ ಸುಮಾರು 45,000ದವರೆಗೆ. ಅಮ್ಮನ ಮಧ್ಯಾಹ್ನದ ನಿದ್ದೆಗೆ ಒಳ್ಳೆಯದೇ. ನನಗೆ ಮಾತ್ರ ಅದು ಹಿಡಿಸಲಿಲ್ಲ. ಸದ್ದು ನಿಂತರೆ ಪೀಪಿ ಕಿತ್ತುಬಂದಿದೆಯೇನೋ ಎಂದು ಪಕ್ಕದ ಕೋಣೆಯಿಂದಲೇ ಎದ್ದು ಬರುವವಳು ನಾನು. ಕೇಳಿಸದಿದ್ದರೆ ಹೇಗೆ ತಿಳಿಯುವುದು?

ಭಯ ಇರುವುದು ಆ ಪೀಪಿಯದೇ. ಬೆಲ್ಲ ಬಟ್ಟೆಯ ಗೊಂಬೆಯನ್ನು ಮುಂಗಾಲುಗಳ ಕೆಳಗೆ ಅದುಮಿ, ಮುಂದಿನ ಪುಟ್ಟ ಹಲ್ಲುಗಳಲ್ಲಿ ಹೊಲಿಗೆ ಹುಡುಕುತ್ತಾಳೆ. ಒಂದು ದಾರ ಸಿಕ್ಕರೆ ಸಾಕು, ಎಳೆದು ಹತ್ತಿಯನ್ನೆಲ್ಲ ಹೊರಗೆ ಹಾಕಿ ಪೀಪಿಯ ಪ್ಲಾಸ್ಟಿಕ್ ಗುಂಡನ್ನು ಈಚೆ ತೆಗೆಯುತ್ತಾಳೆ. ಅದು ದವಡೆ ಹಲ್ಲಿಗೆ ಹೋಗುವ ಮುಂಚೆ ‘ಬಿಡು’ ಕೆಲಸ ಮಾಡಬೇಕು. ಆದ್ದರಿಂದ ಡಬ್ಬಕ್ಕೆ ಹಾಕುವಾಗ ಪ್ರತಿ ಗೊಂಬೆಯ ಹೊಲಿಗೆಯನ್ನೂ ಬೆರಳಾಡಿಸಿ ನೋಡುತ್ತೇನೆ. ಇಡಿಯಾಗಿ ಬಾಯಿಯೊಳಗೆ ಹೋಗುವಷ್ಟು ಚಿಕ್ಕದನ್ನು ಕೊಳ್ಳುವುದೇ ಇಲ್ಲ.

ಅಕಸ್ಮಾತ್ ನುಂಗಿಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಅದರಿಂದಲೇ ಪ್ರಾಣಕ್ಕೆ ಅಪಾಯವಾಗಬಹುದು. ವಾಂತಿ, ಊಟ ಬೇಡವೆನ್ನುವುದು, ಮಂಕಾಗುವುದು, ಮಲಕ್ಕೆ ತಿಣುಕುವುದು ಕರುಳು ಕಟ್ಟಿಕೊಂಡಿರುವ ಲಕ್ಷಣ. ಅವು ಕಾಣಲಿ ಎಂದು ಕಾಯದೆ ಪಶುವೈದ್ಯರಲ್ಲಿಗೆ ಹೊರಡಿ. ಪ್ಲಾಸ್ಟಿಕ್ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಸ್ಪಷ್ಟವಾಗಿ ಕಾಣುವುದಿಲ್ಲ, ಸ್ಕ್ಯಾನಿಂಗ್ ಬೇಕಾಗಬಹುದು. ಹರಿದ ಗೊಂಬೆಯ ಉಳಿದ ಚೂರುಗಳನ್ನೆಲ್ಲ ಒಂದು ಕವರಿಗೆ ಹಾಕಿ ಜೊತೆಗೆ ಒಯ್ಯಿರಿ. ಏನು ಹೋಗಿದೆ, ಎಷ್ಟು ದೊಡ್ಡದು ಎಂಬುದು ಡಾಕ್ಟರಿಗೆ ಅದರಿಂದಲೇ ಗೊತ್ತಾಗುತ್ತದೆ.