‘ನಾನು ಫಾರ್ಮಸಿಸ್ಟ್’ ಎಂದು ಬರೆಯುವ ಮುನ್ನ: ಗೊತ್ತಿಲ್ಲದವರಿಗೆ ಆನ್‌ಲೈನ್‌ನಲ್ಲಿ ಸಲಹೆ ಕೊಡುವುದು ಹೇಗೆ

ನಾನು ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸಕ್ಕೆ ಸೇರಿ 19 ವರ್ಷವಾಯಿತು. ಬಿಡುವಾದಾಗ ಆನ್‌ಲೈನ್ ಗುಂಪೊಂದರಲ್ಲಿ ಔಷಧದ ಪ್ರಶ್ನೆಗಳಿಗೆ ಉತ್ತರ ಬರೆಯುತ್ತೇನೆ. ಅಲ್ಲಿ ಇರುವವರು ಹೆಚ್ಚಾಗಿ ಪುಟ್ಟ ಮಕ್ಕಳ ತಾಯಂದಿರು. ಒಂದು ರಾತ್ರಿ ಒಬ್ಬರು ಕೇಳಿದರು: “ಮಗು 8 ಕಿಲೋ ಇದೆ. ಜ್ವರ. ಪ್ಯಾರಾಸಿಟಮಾಲ್ ಸಿರಪ್ ಎಷ್ಟು ಹಾಕಲಿ?” ನಾನು ತಕ್ಷಣ ಬರೆದೆ: “ನಾನು ಫಾರ್ಮಸಿಸ್ಟ್. 5 ಮಿಲಿ ಹಾಕಿ.”

ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಮಗುವಿನ ತೂಕದ ಒಂದು ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ ಕೊಡುತ್ತಾರೆ. 8 ಕಿಲೋಗೆ ಹೆಚ್ಚೆಂದರೆ 120. ನಾನು ದಿನಾ ಕೈಯಲ್ಲಿ ಹಿಡಿಯುವ ಬಾಟಲಿಯಲ್ಲಿ 5 ಮಿಲಿಗೆ 120 ಮಿಲಿಗ್ರಾಂ ಇರುತ್ತದೆ. ಆದರೆ ಅದೇ ಔಷಧ 5 ಮಿಲಿಗೆ 250 ಮಿಲಿಗ್ರಾಂ ಆಗಿಯೂ ಬರುತ್ತದೆ. ಎಳೆಕೂಸುಗಳಿಗೆಂದು ಬರುವ ಡ್ರಾಪ್ಸ್‌ನಲ್ಲಿ ಒಂದೇ ಮಿಲಿಗೆ 100 ಇರುವುದೂ ಉಂಟು. ಆ ತಾಯಿಯ ಮನೆಯಲ್ಲಿ ಇದ್ದದ್ದು 250ರ ಬಾಟಲಿ. ನನ್ನ ಮಾತು ಕೇಳಿದ್ದರೆ ಮಗುವಿಗೆ ಎರಡು ಪಟ್ಟು ಔಷಧ ಹೋಗುತ್ತಿತ್ತು.

ನನ್ನ ಉತ್ತರದ ಕೆಳಗೆ ನಾಲ್ಕು ಜನ “ಫಾರ್ಮಸಿಸ್ಟೇ ಹೇಳಿದ್ದಾರಲ್ಲ, ಧೈರ್ಯವಾಗಿ ಹಾಕಿ” ಎಂದು ಬರೆದರು. ಐದನೆಯವರು ಎರಡು ಮಕ್ಕಳ ತಾಯಿ, ಔಷಧದ ಬಗ್ಗೆ ಏನೂ ಓದಿದವರಲ್ಲ. ಅವರು ಕೇಳಿದ್ದು ಒಂದೇ ಮಾತು: “ಬಾಟಲಿ ಮೇಲೆ ಎಷ್ಟು ಅಂತ ಬರೆದಿದೆ?” ಅಷ್ಟರಲ್ಲಿ ಮಗುವಿಗೆ ಇನ್ನೂ ಔಷಧ ಹಾಕಿರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಓದಿದ್ದು ನಿಜ, ಮಾಡುವ ಕೆಲಸವೂ ನಿಜ. ಆದರೆ ‘ನಾನು ಫಾರ್ಮಸಿಸ್ಟ್’ ಅನ್ನುವ ಎರಡು ಪದ ನೋಡಿ ನಾಲ್ಕು ಜನ ಯೋಚನೆ ಮಾಡುವುದನ್ನೇ ಬಿಟ್ಟರು. ನಾನೂ ಬಿಟ್ಟಿದ್ದೆ. ಆಮೇಲೆ ನಾನು ಉತ್ತರ ಬರೆಯುವ ರೀತಿಯನ್ನೇ ಬದಲಾಯಿಸಿಕೊಂಡೆ. ನೀವು ವಕೀಲರಾಗಿರಬಹುದು, ಎಲೆಕ್ಟ್ರಿಷಿಯನ್ ಆಗಿರಬಹುದು, ಹತ್ತು ವರ್ಷ ಒಂದೇ ಕಾಯಿಲೆಯ ಜೊತೆ ಬದುಕಿದವರಾಗಿರಬಹುದು. ಈ ರೀತಿ ನಿಮಗೂ ಉಪಯೋಗಕ್ಕೆ ಬರುತ್ತದೆ.

ಮೊದಲು ಪ್ರಶ್ನೆ ಕೇಳಿ. ಕೌಂಟರ್‌ನಲ್ಲಿ ನಿಂತಾಗ ಬಾಟಲಿ ನನ್ನ ಕೈಯಲ್ಲೇ ಇರುತ್ತದೆ, ಚೀಟಿ ಕಣ್ಣ ಮುಂದೆ ಇರುತ್ತದೆ. ಆನ್‌ಲೈನ್‌ನಲ್ಲಿ ಎರಡೂ ಇಲ್ಲ. ಹಾಗಾಗಿ ನಿಮ್ಮ ಕೆಲಸದ ಜಾಗದಲ್ಲಿ ಕಣ್ಣಿಗೆ ತಾನಾಗಿಯೇ ಬೀಳುವ ಸಂಗತಿಗಳು ಯಾವುವು ಅಂತ ಒಮ್ಮೆ ಪಟ್ಟಿ ಮಾಡಿಕೊಳ್ಳಿ. ಉತ್ತರ ಬರೆಯುವ ಮೊದಲು ಅವನ್ನು ಕೇಳಿ ತಿಳಿದುಕೊಳ್ಳಿ. ನನ್ನ ಪಟ್ಟಿ ಸಣ್ಣದು: ವಯಸ್ಸು, ತೂಕ, ಲೇಬಲ್ ಮೇಲೆ ಬರೆದ ಅಳತೆ, ಈಗಾಗಲೇ ತೆಗೆದುಕೊಳ್ಳುತ್ತಿರುವ ಬೇರೆ ಔಷಧ. ಕೊನೆಯದು ತುಂಬಾ ಮುಖ್ಯ. ಶೀತದ ಎಷ್ಟೋ ಮಾತ್ರೆಗಳ ಒಳಗೂ ಪ್ಯಾರಾಸಿಟಮಾಲ್ ಇರುತ್ತದೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ದಾಟಬಾರದು, ದಾಟಿದರೆ ಲಿವರ್‌ಗೆ ಪೆಟ್ಟು. ಎರಡು ಬೇರೆ ಬೇರೆ ಹೆಸರಿನ ಮಾತ್ರೆ ನುಂಗಿದವರಿಗೆ ತಾವು ಒಂದೇ ಔಷಧವನ್ನು ಎರಡು ಸಲ ತೆಗೆದುಕೊಂಡೆವು ಅಂತ ಗೊತ್ತೇ ಆಗುವುದಿಲ್ಲ.

ಇನ್ನು ಪರಿಚಯದ ಮಾತು. ಪದವಿಯ ಹೆಸರು ಬರೆದರೆ ಸಾಲದು, ನೀವು ದಿನಾ ಮಾಡುವ ಕೆಲಸ ಏನು ಅಂತ ಬರೆಯಿರಿ. ಫಾರ್ಮಸಿಸ್ಟ್ ಅಂದರೆ ಕಾರ್ಖಾನೆಯಲ್ಲಿ ಮಾತ್ರೆಯ ಗುಣಮಟ್ಟ ನೋಡುವವರೂ ಆಗಬಹುದು, ಅಂಗಡಿ ನಡೆಸುವವರೂ ಆಗಬಹುದು. ನಾನು ಈಗ ಹೀಗೆ ಬರೆಯುತ್ತೇನೆ: “ಆಸ್ಪತ್ರೆ ಫಾರ್ಮಸಿಯಲ್ಲಿ 19 ವರ್ಷದಿಂದ ಇದ್ದೇನೆ. ಔಷಧದ ಅಳತೆ, ಒಂದರ ಜೊತೆ ಇನ್ನೊಂದು ತೆಗೆದುಕೊಳ್ಳಬಹುದಾ ಅನ್ನುವುದನ್ನು ಹೇಳಬಲ್ಲೆ. ಕಾಯಿಲೆ ಏನು ಅಂತ ಹೇಳಲಾರೆ.” ನನ್ನ ಪ್ರಕಾರ ಈ ಮೂರರಲ್ಲಿ ಕೊನೆಯ ವಾಕ್ಯವೇ ಹೆಚ್ಚು ಬೆಲೆಯದು. ಎಲ್ಲಿಯವರೆಗೆ ನನ್ನನ್ನು ನಂಬಬಹುದು ಅನ್ನುವುದು ಓದುವವರಿಗೆ ಅದರಿಂದ ತಿಳಿಯುತ್ತದೆ. ಇದನ್ನು ಉತ್ತರದ ಮೊದಲಿಗೆ ಹಾಕಬೇಡಿ. ಮೊದಲು ಕಾರಣ, ಆಮೇಲೆ ಪರಿಚಯ. “ಕಿಲೋಗೆ ಇಷ್ಟು, ನಿಮ್ಮ ಬಾಟಲಿಯಲ್ಲಿ ಇಷ್ಟಿದೆ, ಹಾಗಾಗಿ ಇಷ್ಟು ಮಿಲಿ” ಅಂತ ಲೆಕ್ಕ ಬಿಡಿಸಿ ಬರೆದರೆ ಯಾರು ಬೇಕಾದರೂ ಅದನ್ನು ಪರೀಕ್ಷಿಸಬಹುದು. ನಾನು ಅವತ್ತು ಲೆಕ್ಕ ಬರೆದಿದ್ದರೆ ಆ ತಾಯಿಯೇ ಬಾಟಲಿ ನೋಡಿ ತಪ್ಪು ಹಿಡಿಯುತ್ತಿದ್ದರು, ಅಲ್ವಾ?

ಗೊತ್ತಿರುವ ವಿಷಯದ ಗಡಿ ದಾಟುವುದು ಎಷ್ಟು ಸುಲಭ ಅನ್ನುವುದಕ್ಕೆ ಲೈನಸ್ ಪಾಲಿಂಗ್ ಅವರನ್ನೇ ನೋಡಿ. 1954ರಲ್ಲಿ ರಸಾಯನಶಾಸ್ತ್ರದ ನೊಬೆಲ್, 1962ರ ಶಾಂತಿ ನೊಬೆಲ್, ಎರಡೂ ಅವರಿಗೆ ಬಂದವು. 1970ರಲ್ಲಿ ಅವರು ಶೀತಕ್ಕೆ ವಿಟಮಿನ್ ಸಿಯನ್ನು ದೊಡ್ಡ ಪ್ರಮಾಣದಲ್ಲಿ ತೆಗೆದುಕೊಳ್ಳಿ ಎಂದು ಪುಸ್ತಕ ಬರೆದರು. ಜನ ನಂಬಿದರು. ಆಮೇಲಿನ ಪ್ರಯೋಗಗಳಲ್ಲಿ ಕಂಡದ್ದೇ ಬೇರೆ: ದಿನಾ ವಿಟಮಿನ್ ಸಿ ತೆಗೆದುಕೊಂಡರೂ ಸಾಮಾನ್ಯ ಜನರಿಗೆ ಶೀತ ಬರುವುದು ತಪ್ಪುವುದಿಲ್ಲ, ಬಂದ ಶೀತ ಸ್ವಲ್ಪ ಬೇಗ ಹೋಗಬಹುದು ಅಷ್ಟೆ. ಅಷ್ಟು ದೊಡ್ಡ ವಿಜ್ಞಾನಿಗೇ ಹೀಗಾಯಿತು. ಚರ್ಮದ ಕಲೆಯ ಫೋಟೋ ಹಾಕಿ “ಇದು ಏನು?” ಅಂತ ಯಾರಾದರೂ ಕೇಳಿದಾಗ ನನಗೆ ಅವರ ನೆನಪಾಗುತ್ತದೆ. ಏನೋ ಒಂದು ಊಹೆ ಮನಸ್ಸಿಗೆ ಬಂದಿರುತ್ತದೆ, ಆದರೂ ಬರೆಯುವುದಿಲ್ಲ.

ಓದದೆ ಬಂದ ತಿಳಿವಳಿಕೆಗೂ ಬೆಲೆ ಇದೆ. ಇದನ್ನು ನಾನು ಮನಸಾರೆ ಹೇಳುತ್ತೇನೆ. ನನ್ನ ಮಗನಿಗೆ ಟೈಪ್ 1 ಡಯಾಬಿಟಿಸ್. ಒಂದೇ ಜಾಗಕ್ಕೆ ಮತ್ತೆ ಮತ್ತೆ ಇನ್ಸುಲಿನ್ ಚುಚ್ಚಿದರೆ ಚರ್ಮದ ಕೆಳಗೆ ಗಂಟು ಕಟ್ಟುತ್ತದೆ, ಆ ಗಂಟಿಗೆ ಹಾಕಿದ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಪುಸ್ತಕದಲ್ಲಿ ನಾನೂ ಓದಿದ್ದೆ. ಆದರೆ ಬೆರಳಾಡಿಸಿ ಆ ಗಂಟನ್ನು ಹುಡುಕುವುದು ಹೇಗೆ ಅಂತ ಕಲಿಸಿಕೊಟ್ಟವರು ಇನ್ನೊಬ್ಬ ತಾಯಿ. ಅಂಥ ಅನುಭವ ನಿಮ್ಮದಾಗಿದ್ದರೆ ಹಿಂಜರಿಯಬೇಡಿ, ಬರೆಯಿರಿ. ಅದು ಒಂದು ದೇಹದ ಅನುಭವ ಅಂತಲೂ ಸೇರಿಸಿ: “ನನ್ನ ಮಗನಿಗೆ ಹೀಗಾಯಿತು.” “ಮಕ್ಕಳಿಗೆ ಹೀಗೇ ಆಗುತ್ತದೆ” ಅಂತ ಬರೆಯಬೇಡಿ. ಡಯಾಬಿಟಿಸ್ ಗುಂಪಿನಲ್ಲಿ ನಾನು ತಾಯಿಯಾಗಿ ಬರೆಯುತ್ತಿದ್ದೇನಾ, ಫಾರ್ಮಸಿಸ್ಟ್ ಆಗಿ ಬರೆಯುತ್ತಿದ್ದೇನಾ ಅನ್ನುವುದನ್ನು ಪ್ರತಿ ಸಲ ಹೇಳುತ್ತೇನೆ.

ಕಲಿತದ್ದು ಯಾವಾಗ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಹೃದಯದ ಕಾಯಿಲೆ ಇಲ್ಲದ ವಯಸ್ಸಾದವರಿಗೂ ದಿನಾ ಸಣ್ಣ ಆಸ್ಪಿರಿನ್ ಒಳ್ಳೆಯದು ಅನ್ನುವ ಮಾತು ನಾನು ಓದುವ ಕಾಲದಲ್ಲಿ ಸಾಮಾನ್ಯವಾಗಿತ್ತು. 2018ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಅಂಥವರಿಗೆ ಲಾಭ ಕಾಣಲಿಲ್ಲ, ರಕ್ತಸ್ರಾವ ಮಾತ್ರ ಜಾಸ್ತಿಯಾಯಿತು. (ಡಾಕ್ಟರ್ ಹೇಳಿ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ದಯವಿಟ್ಟು ನಿಲ್ಲಿಸಬೇಡಿ, ಅವರನ್ನೇ ಕೇಳಿ.) ಕೆಲಸ ಬಿಟ್ಟು ಐದು ವರ್ಷವಾಗಿದ್ದರೆ ಅದನ್ನೂ ಬರೆಯಿರಿ.

ನೀವು ಹೇಳುತ್ತಿರುವ ವಸ್ತುವನ್ನು ನೀವೇ ಮಾರುತ್ತಿದ್ದರೆ ಮೊದಲ ಸಾಲಿನಲ್ಲೇ ಹೇಳಿಬಿಡಿ.

ಕೆಲವರು ಪುರಾವೆ ಕೇಳುತ್ತಾರೆ. ಸರ್ಟಿಫಿಕೇಟ್ ಫೋಟೋ ಹಾಕಬೇಡಿ. ಅದರಲ್ಲಿ ನಿಮ್ಮ ಹೆಸರು, ನೋಂದಣಿ ಸಂಖ್ಯೆ ಎಲ್ಲಾ ಇರುತ್ತದೆ, ಇನ್ನೊಬ್ಬರು ಅದನ್ನು ತಮ್ಮದೆಂದು ತೋರಿಸಬಹುದು. ಲೆಕ್ಕ ಮತ್ತು ಕಾರಣವನ್ನು ಇನ್ನೂ ಬಿಡಿಸಿ ಬರೆಯಿರಿ, ಸಾಕು. ಇಲ್ಲದ ಪದವಿಯನ್ನಂತೂ ಎಂದಿಗೂ ಹೇಳಿಕೊಳ್ಳಬೇಡಿ. ವಿಕಿಪೀಡಿಯಾದಲ್ಲಿ ಧರ್ಮಶಾಸ್ತ್ರದ ಪ್ರೊಫೆಸರ್ ಎಂದು ಹೇಳಿಕೊಂಡಿದ್ದ ಸಂಪಾದಕರೊಬ್ಬರು 24 ವರ್ಷದ ಯುವಕ, ಆ ಪದವಿ ಯಾವುದೂ ಇಲ್ಲ ಅಂತ 2007ರಲ್ಲಿ ಬಯಲಾಯಿತು. ಅವರು ಅಲ್ಲಿಂದ ಹೊರಗೆ ಹೋಗಬೇಕಾಯಿತು. ಸಾವಿರಾರು ತಿದ್ದುಪಡಿ ಮಾಡಿ ದುಡಿದವರು, ಆ ದುಡಿಮೆಯ ಮೇಲೂ ಜನ ಅನುಮಾನಪಟ್ಟರು.

“ಒಂದು ಪರ್ಸನಲ್ ಮೆಸೇಜ್ ಮಾಡ್ತೀನಿ, ಅಲ್ಲೇ ಹೇಳಿ” ಅನ್ನುವವರಿಗೆ ನಾನು ಒಪ್ಪುವುದಿಲ್ಲ. ಸಂಕೋಚದ ವಿಷಯವಾದರೆ ಹೆಸರು ತೋರಿಸದೆ ಗುಂಪಿನಲ್ಲೇ ಕೇಳಿ ಅನ್ನುತ್ತೇನೆ. ಇಬ್ಬರೇ ಮಾತಾಡಿದರೆ ‘ಬಾಟಲಿ ಮೇಲೆ ಎಷ್ಟಿದೆ’ ಅಂತ ಕೇಳುವ ಐದನೆಯವರು ಅಲ್ಲಿ ಇರುವುದಿಲ್ಲ. ಉಸಿರಾಟ ಕಷ್ಟವಾಗಿದೆ, ಮಗು ಎಬ್ಬಿಸಿದರೂ ಏಳುತ್ತಿಲ್ಲ ಅಂತ ಬರೆದಿದ್ದರೆ ಬೇರೆ ಏನೂ ಬರೆಯಬೇಡಿ. “ಈಗಲೇ ಆಸ್ಪತ್ರೆಗೆ ಹೋಗಿ” ಅಷ್ಟೇ.

ತಪ್ಪಾದಾಗ ಉತ್ತರವನ್ನು ಸುಮ್ನೆ ಅಳಿಸಬೇಡಿ. ಮೊದಲೇ ಓದಿ ಹೋದವರಿಗೆ ಅಳಿಸಿದ್ದು ಗೊತ್ತಾಗುವುದಿಲ್ಲ. ಆ ರಾತ್ರಿ ನಾನು ಹಳೆಯ ಸಾಲಿನ ಮೇಲ್ಗಡೆ ಬರೆದೆ: “ಕೆಳಗೆ ನಾನು ಹೇಳಿದ ಅಳತೆ ತಪ್ಪು. 5 ಮಿಲಿಗೆ 250 ಇರುವ ಬಾಟಲಿಯಾದರೆ 8 ಕಿಲೋ ಮಗುವಿಗೆ 2.4 ಮಿಲಿ ದಾಟಬಾರದು. ಬಾಟಲಿ ಕೇಳದೆ ಬರೆದದ್ದು ನನ್ನ ತಪ್ಪು.” ಪ್ರಶ್ನೆ ಕೇಳಿದ ತಾಯಿಗೆ ಬೇರೆಯಾಗಿಯೂ ಮೆಸೇಜ್ ಹಾಕಿ, ಅವರು ನೋಡಿದ್ದಾರೆ ಅಂತ ಗೊತ್ತಾಗುವವರೆಗೆ ಕಾದೆ. ಹತ್ತು ನಿಮಿಷದ ಮೇಲೆ ಅವರು ಅಳತೆ ಸಿರಿಂಜ್‌ನ ಫೋಟೋ ಕಳಿಸಿದರು. 2.4ರ ಗೆರೆಯವರೆಗೆ ಔಷಧ ಇತ್ತು. ಕೆಳಗೆ ಬರೆದಿದ್ದರು: “ಇಷ್ಟೇ ತಾನೇ?”