ಬಳ್ಳಾರಿಗೆ ಹೊಸದಾಗಿ ಬಂದವರಿಗೆ: ನೆಲಕ್ಕೆ ಆ್ಯಸಿಡ್ ಹಾಕುವ ಮುನ್ನ ಓದಿ

ಹಾಲು ಉಕ್ಕಿಸಿ ಆಯ್ತು, ಸಾಮಾನು ಜೋಡಿಸಿ ಆಯ್ತು. ಇನ್ನು ನೆಲ ಒರೆಸಬೇಕು. ಇದಕ್ಕೂ ಸಂಘದವರು ಒಂದು ಪುಟ ಬರೆಯಬೇಕಾ ಅಂತ ನಿಮಗೆ ಅನ್ನಿಸಬಹುದು. ಬರೆಯಲೇಬೇಕು. ಬಾಡಿಗೆ ಮನೆ ಬಿಡುವಾಗ ಓನರ್ ಜೊತೆ ಮಾತಿಗೆ ಮಾತು ಬೆಳೆಯುವುದು ಹೆಚ್ಚಾಗಿ ನೆಲದ ವಿಷಯಕ್ಕೇ.

ನಾವು ಶಿವಮೊಗ್ಗ ಕಡೆಯಿಂದ ಬಂದವರು. ಅಲ್ಲಿ ನಮ್ಮದು ಟೈಲ್ಸ್ ಮನೆ. ಇಲ್ಲಿ ಸಿಕ್ಕಿದ್ದು ಶಾಬಾದಿ ಕಲ್ಲು ಹಾಸಿದ ಹಳೇ ಮನೆ. ಪಡಸಾಲೆಯ ಮೂಲೆಯಲ್ಲಿ ಸುಣ್ಣದ ಕಲೆಗಳಿದ್ದವು. ಬಚ್ಚಲಿಗೆ ಅಂತ ತಂದಿದ್ದ ಆ್ಯಸಿಡ್ಡನ್ನೇ ನೀರಿಗೆ ಬೆರೆಸಿ ಸುರಿದೆ. ಬುಸ್ಸೆಂದು ನೊರೆ ಬಂತು. ಕೊಳೆ ಬಿಡುತ್ತಿದೆ ಅಂದುಕೊಂಡೆ. ಕರಗುತ್ತಿದ್ದದ್ದು ಕಲ್ಲು. ಒಣಗಿದ ಮೇಲೆ ಬೂದಿ ಬಣ್ಣದ ನೆಲದ ತುಂಬ ಬಿಳಿಚಿಕೊಂಡ ಮಚ್ಚೆಗಳು. ಕೈ ಆಡಿಸಿದರೆ ಉಪ್ಪುಕಾಗದದ ಹಾಗೆ ಒರಟು. ಮೂರು ವರ್ಷ ಆ ನೆಲವನ್ನು ನೋಡುತ್ತಲೇ ಬದುಕಿದೆವು. ಮನೆ ಬಿಡುವಾಗ ಪಾಲಿಶ್ ಖರ್ಚು ಅಡ್ವಾನ್ಸಿನಲ್ಲಿ ಮುರಿದುಕೊಂಡರು. ಅವರದೇನೂ ತಪ್ಪಿಲ್ಲ. ಆದರೆ ನಮಗೆ ಮೊದಲೇ ಯಾರಾದರೂ ಹೇಳಿದ್ದರೆ ಅಂತ ಈಗಲೂ ಅನ್ನಿಸುತ್ತದೆ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಶಾಬಾದಿ, ಕಡಪ, ಮಾರ್ಬಲ್

ಕಲಬುರಗಿ ಜಿಲ್ಲೆಯ ಶಹಾಬಾದಿನ ಹೆಸರಿನ ಈ ಕಲ್ಲು ನಮ್ಮ ಭಾಗದ ಹೆಮ್ಮೆ. ಇಲ್ಲಿನ ಬೇಸಿಗೆಯಲ್ಲಿ, ಹೊರಗೆ 40 ಡಿಗ್ರಿ ದಾಟಿದಾಗ, ಬರೀ ನೆಲದ ಮೇಲೆ ಮಲಗಿ ನೋಡಿ. ಅದರ ಬೆಲೆ ಆಗ ಗೊತ್ತಾಗುತ್ತದೆ. "ಹಳೇ ಕಲ್ಲು, ಚೆನ್ನಾಗಿಲ್ಲ" ಅಂತ ಮೂಗು ಮುರಿಯಬೇಡಿ.

ಆದರೆ ಇದು ಸುಣ್ಣದ ಕಲ್ಲು. ಕಪ್ಪಗಿರುವ ಕಡಪ ಕಲ್ಲೂ ಅದೇ ಜಾತಿ. ಮಾರ್ಬಲ್ಲಿನಲ್ಲಿ ಇರುವುದೂ ಅದೇ ಸುಣ್ಣದ ಅಂಶ. ಹುಳಿ ಯಾವುದಾದರೂ ಸರಿ, ಇವುಗಳ ಮೈ ತಿನ್ನುತ್ತದೆ. ಆ್ಯಸಿಡ್ ಮತ್ತು ಟಾಯ್ಲೆಟ್ ಕ್ಲೀನರ್ ಮಾತ್ರ ಅಲ್ಲ. ವಿನೆಗರ್, ನಿಂಬೆ, ಹುಣಸೆ ರಸ, ಚೆಲ್ಲಿದ ಮಜ್ಜಿಗೆ ಕೂಡ. ಊರಲ್ಲಿ ಹಿತ್ತಾಳೆ ಪಾತ್ರೆಗೆ ಹುಣಸೆ ಹಚ್ಚಿ ನೆಲದ ಮೇಲೇ ತಿಕ್ಕುವ ಅಭ್ಯಾಸ ಇದೆ ಅಲ್ವಾ? ಇಲ್ಲಿ ಪಾತ್ರೆ ಕೆಳಗೆ ಒಂದು ತಟ್ಟೆ ಇಟ್ಟುಕೊಳ್ಳಿ.

ಒರೆಸಲು ಒಂದು ಬಕೆಟ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ ಸಾಕು. ಆಮೇಲೆ ಬರೀ ನೀರಲ್ಲಿ ಇನ್ನೊಂದು ಸಲ ಒರೆಸಿ. ಮಿರ್ಚಿ ಬಜಿ ಕರಿಯುವಾಗ ಎಣ್ಣೆ ಬಿದ್ದರೆ ಬಟ್ಟೆಯಲ್ಲಿ ಉಜ್ಜಬೇಡಿ, ಎಣ್ಣೆ ಇನ್ನಷ್ಟು ಹರಡುತ್ತದೆ. ಅದರ ಮೇಲೆ ಜೋಳದ ಹಿಟ್ಟು ಉದುರಿಸಿ ರಾತ್ರಿ ಬಿಡಿ. ಬೆಳಿಗ್ಗೆ ಗುಡಿಸಿ. ಹೋಗದಿದ್ದರೆ ಇನ್ನೊಮ್ಮೆ ಹಾಕಿ. ಅರಿಶಿನ ಚೆಲ್ಲಿದರೆ ಒಣಗಿದ್ದಾಗಲೇ ಎತ್ತಿ. ನೀರು ತಾಗಿಸಿದರೆ ಕಲ್ಲಿಗೆ ಇಳಿಯುತ್ತದೆ.

ನಿಮ್ಮದು ಯಾವ ಕಲ್ಲು ಅಂತ ಗೊತ್ತಾಗದಿದ್ದರೆ ಓನರನ್ನು ಕೇಳಿ. ಅವರಿಗೂ ಗೊತ್ತಿಲ್ಲ ಅಂದರೆ ಬಾಗಿಲ ಹಿಂದಿನ ಮೂಲೆಯಲ್ಲಿ ಒಂದೇ ಹನಿ ನಿಂಬೆರಸ ಬಿಟ್ಟು, ಸ್ವಲ್ಪ ಹೊತ್ತಿಗೆ ಒರೆಸಿ ನೋಡಿ. ಹೊಳಪು ಹೋಗಿದ್ದರೆ ಅದು ಹುಳಿ ತಡೆಯದ ಕಲ್ಲು.

ಕೆಂಪು ಧೂಳು

ಇದು ನಿಮ್ಮ ಊರಿನ ಮಣ್ಣಿನ ಧೂಳಲ್ಲ. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿ ಓಡಾಡುವ ರಸ್ತೆ ಹತ್ತಿರ ಮನೆ ಮಾಡಿದವರಿಗೆ ಒಂದೇ ವಾರದಲ್ಲಿ ಗೊತ್ತಾಗುತ್ತದೆ. ಕಬ್ಬಿಣದ ಅದಿರಿನ ಪುಡಿ ಸುಣ್ಣದ ಕಲ್ಲಿಗಿಂತ ಗಟ್ಟಿ. ಅದರ ಮೇಲೆ ಕಾಲು ಎಳೆದರೆ, ಮಂಚ ಜರುಗಿಸಿದರೆ ಗೀರು ಬೀಳುತ್ತದೆ. ಗುಡಿಸದೆ ನೇರವಾಗಿ ಒದ್ದೆ ಬಟ್ಟೆ ಹಾಕಿದರೆ ಕೆಂಪು ರಾಡಿಯಾಗಿ ಟೈಲ್ಸ್ ಸಂದಿಯಲ್ಲಿ ಕೂರುತ್ತದೆ. ಮತ್ತೆ ಬಿಡುವುದಿಲ್ಲ.

ಹಾಗಾಗಿ ಮೊದಲು ಮೆತ್ತನೆ ಕಸಬರಿಗೆ. (ನೀವು ಪೊರಕೆ ಅನ್ನುತ್ತೀರಿ. ಇಲ್ಲಿ ಅಂಗಡಿಯಲ್ಲಿ ಕಸಬರಿಗೆ ಅಂತ ಕೇಳಿ.) ಎರಡು ಸಲ ಗುಡಿಸಿ, ಆಮೇಲೆ ಒರೆಸಿ. ನೀರು ಕೆಂಪಾದ ಕೂಡಲೇ ಬದಲಿಸಿ. ಒಂದೇ ಬಕೆಟ್ಟಿನಲ್ಲಿ ಇಡೀ ಮನೆ ಒರೆಸುವುದು ಇಲ್ಲಿ ನಡೆಯುವುದಿಲ್ಲ. ಕೆಂಪು ಕಲೆಗೆ ಬ್ಲೀಚಿಂಗ್ ಪೌಡರ್ ಹಾಕಬೇಡಿ. ಕಬ್ಬಿಣದ ಕಲೆ ಅದಕ್ಕೆ ಹೋಗುವುದಿಲ್ಲ. ಬಾಗಿಲ ಹೊರಗೆ ಒಂದು, ಒಳಗೆ ಒಂದು ಕಾಲೊರಸು ಹಾಕಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಉಳಿದ ನೆಲಗಳು

- ಗ್ರಾನೈಟ್: ಗಟ್ಟಿ. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ತುಂಬ ನೀರು ಬೆರೆಸಿದ ವಿನೆಗರ್ ಒಮ್ಮೆ ಹಚ್ಚಬಹುದು. ಕೂಡಲೇ ತೊಳೆಯಿರಿ.
- ವಿಟ್ರಿಫೈಡ್ ಟೈಲ್ಸ್: ಟೈಲ್ಸಿಗೆ ಏನೂ ಆಗದು, ಸಂದಿಯ ಸಿಮೆಂಟ್ ಆ್ಯಸಿಡ್ಡಿಗೆ ಹೋಗುತ್ತದೆ.
- ಮೊಸಾಯಿಕ್: ಸಿಮೆಂಟು ಮತ್ತು ಮಾರ್ಬಲ್ ಚೂರು. ಶಾಬಾದಿಯ ನಿಯಮವೇ.
- ರೆಡ್ ಆಕ್ಸೈಡ್: ಸೋಡಾ, ಬಟ್ಟೆ ಪುಡಿ ಬೇಡ. ಬರೀ ನೀರು. ತಿಂಗಳಿಗೊಮ್ಮೆ ಕೊಬ್ಬರಿ ಎಣ್ಣೆ ನಾಲ್ಕು ಹನಿ ಬಟ್ಟೆಗೆ ಹಾಕಿ ತಿಕ್ಕಿ, ಒಣ ಬಟ್ಟೆಯಲ್ಲಿ ಒರೆಸಿ. ಜಾಸ್ತಿ ಹಾಕಿದರೆ ಜಾರುತ್ತದೆ.
- ಮರದ ಲ್ಯಾಮಿನೇಟ್: ಚೆನ್ನಾಗಿ ಹಿಂಡಿದ ಬಟ್ಟೆ. ನೀರು ಸುರಿದರೆ ಅಂಚು ಉಬ್ಬುತ್ತದೆ.

ಹಬ್ಬ ಮತ್ತು ಫಿನಾಯಿಲ್

ಅಂಗಡಿ ರಂಗೋಲಿ ಪುಡಿ ಹೆಚ್ಚಾಗಿ ಕಲ್ಲಿನ ಪುಡಿ. ಮನೆಯೊಳಗೆ, ದೇವರ ಮುಂದೆ, ಅಕ್ಕಿ ಹಿಟ್ಟಲ್ಲೇ ಹಾಕಿ. ಪಾಲಿಶ್ ನೆಲ ಗೀಚುವುದಿಲ್ಲ.

ಫಿನಾಯಿಲ್ ಜಾಸ್ತಿ ಸುರಿದರೆ ಮನೆ ಜಾಸ್ತಿ ಸ್ವಚ್ಛ ಆಗುವುದಿಲ್ಲ. ನೆಲ ಅಂಟುತ್ತದೆ, ಅಂಟಿದ ಕಡೆ ಧೂಳು ಕೂರುತ್ತದೆ. ಬಾಟಲಿ ಮೇಲೆ ಬರೆದಷ್ಟೇ ಹಾಕಿ. ಬೇಸಿಗೆಯಲ್ಲಿ ಮಧ್ಯಾಹ್ನ ಒರೆಸಿದರೆ ನೀರು ಅಲ್ಲಲ್ಲೇ ಆರಿ ಗೆರೆ ಉಳಿಯುತ್ತದೆ. ಬೆಳಿಗ್ಗೆ ಏಳರೊಳಗೆ ಮುಗಿಸಿ.

ಒಂದು ಮಾತು ದಯವಿಟ್ಟು ಮನಸ್ಸಿಟ್ಟು ಓದಿ. ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎಂದೂ ಒಟ್ಟಿಗೆ ಹಾಕಬೇಡಿ. ಬಚ್ಚಲಲ್ಲಿ ಕೂಡ. ಕ್ಲೋರಿನ್ ಅನಿಲ ಏಳುತ್ತದೆ, ಉಸಿರು ಕಟ್ಟುತ್ತದೆ. ಅಕಸ್ಮಾತ್ ಬೆರೆತರೆ ತೊಳೆಯಲು ನಿಲ್ಲದೆ ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ.

ಕೆಲಸಕ್ಕೆ ಬರುವವರ ಜೊತೆ

ಇಷ್ಟೆಲ್ಲ ನೀವು ಓದಿ, ಕೆಲಸಕ್ಕೆ ಬರುವ ಅಕ್ಕನಿಗೆ ಹೇಳದಿದ್ದರೆ ಏನು ಬಂತು? ಅವರು ನಾಲ್ಕು ಮನೆ ಮಾಡುತ್ತಾರೆ, ನಾಲ್ಕೂ ಮನೆಯ ನೆಲ ಬೇರೆ. ಮೊದಲ ದಿನ ಜೊತೆಗೆ ನಿಂತು ತೋರಿಸಿ. ಹಿಂದಿಯಲ್ಲಿ ಶುರು ಮಾಡಬೇಡಿ, ಈ ತಪ್ಪು ನಮ್ಮವರೇ ಮಾಡುತ್ತಾರೆ. ಮನೆಯಲ್ಲಿ ತೆಲುಗು ಮಾತಾಡುವವರಿಗೂ ಇಲ್ಲಿ ಕನ್ನಡ ಬರುತ್ತದೆ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಊರಿದು. ಅದಕ್ಕಾಗಿ ಇಲ್ಲಿನ ಜನ ಹೋರಾಡಿದ್ದಾರೆ.

ಆ್ಯಸಿಡ್ ಬಾಟಲಿಯನ್ನು ಫಿನಾಯಿಲ್ ಪಕ್ಕದಲ್ಲಿ ಇಡಬೇಡಿ. ಬಚ್ಚಲಲ್ಲಿ, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ ಬೇರೆ ಇಡಿ. ಅದರ ಮೇಲೆ ದೊಡ್ಡದಾಗಿ ಕನ್ನಡದಲ್ಲಿ "ನೆಲಕ್ಕೆ ಬೇಡ" ಅಂತ ಬರೆದು ಅಂಟಿಸಿ.