ಬಿಳಿ ಸಂಪಿಗೆಗೆ ಬೆಣೆ ಕಸಿ: ನನ್ನ ಅನುಭವ

ಬಿಳಿ ಸಂಪಿಗೆಗೆ ಸಾಮೀಪ್ಯ ಕಸಿಯೊಂದೇ (ಕುಂಡದ ಸಸಿಯನ್ನು ಮರದ ಕೊಂಬೆಗೆ ತಾಗಿಸಿ ಕಟ್ಟಿ, ಬೆಸೆದ ಮೇಲೆ ಕೊಂಬೆಯನ್ನು ಮರದಿಂದ ಬಿಡಿಸುವುದು) ದಾರಿ ಎಂದು ನಮ್ಮ ಶಿರಸಿ ಕಡೆಯ ಹಳೆಯ ಕಸಿಗಾರರು ಪಟ್ಟು ಹಿಡಿದಿದ್ದರು. ಮರದ ಸುತ್ತ ಬಿದಿರಿನ ಅಟ್ಟಣಿಗೆ ಕಟ್ಟಿ, ಕೆಂಡಸಂಪಿಗೆ ಸಸಿಯ ಕುಂಡಗಳನ್ನು ಕೊಂಬೆಯ ಮಟ್ಟಕ್ಕೆ ಏರಿಸಿದ್ದೂ ಆಯಿತು. ಬಿದಿರು, ಕೂಲಿ ಸೇರಿ 6-7 ಸಾವಿರ ಕೈಬಿಟ್ಟಿತು. ಅಷ್ಟೆತ್ತರಕ್ಕೆ ದಿನವೂ ನೀರು ಹೊರುವವರು ಯಾರು? ಒಂದು ಗಾಳಿಮಳೆಗೆ ಅಟ್ಟಣಿಗೆ ವಾಲಿತು. ಬೆರಳೆಣಿಕೆಯ ಗಿಡ ಉಳಿದವು. ಒಂದೊಂದರ ಅಸಲು ಸಾವಿರ ದಾಟಿತ್ತು. ಅದೇ ಗಿಡ ನರ್ಸರಿಯಲ್ಲಿ 300 ರೂಪಾಯಿಗೆ ಸಿಗುತ್ತಿತ್ತು!

ಗೇರಿಗೆ ಮಾಡುವ ಮೃದುಕಾಂಡ ಕಸಿಯನ್ನೇ, ಅಂದರೆ ಎಳೆ ಸಸಿಯ ತುದಿ ಕತ್ತರಿಸಿ ಸೀಳಿ, ಬೆಣೆಯಂತೆ ಚೂಪು ಮಾಡಿದ ಕಡ್ಡಿಯನ್ನು ಅದರೊಳಗೆ ಕೂರಿಸಿ ಕಟ್ಟುವುದನ್ನೇ, ಇದಕ್ಕೂ ಮಾಡುತ್ತೇನೆ ಎಂದಾಗ ನಕ್ಕವರೇ ಹೆಚ್ಚು. ಮೊದಲ ಚಳಿಗಾಲದಲ್ಲಿ ಕಟ್ಟಿದ ಕಡ್ಡಿಗಳೆಲ್ಲ ಕಪ್ಪಾದವು, ನಕ್ಕವರಿಗೆ ಇನ್ನಷ್ಟು ಖುಷಿಯಾಯಿತು.

ಬೇರುಗಿಡದ, ಅಂದರೆ ಕಡ್ಡಿ ಕೂರಿಸುವ ಕೆಂಡಸಂಪಿಗೆ ಸಸಿಯ, ವಿಷಯದಲ್ಲಿ ಒಂದು ಮಾತು. ಕೆಂಡಸಂಪಿಗೆಯ ಕಾಯಿ ಬಿರಿದು ಬೀಜದ ಕೆಂಪು ತಿರುಳು ಕಂಡೊಡನೆ, ಹಕ್ಕಿ ಮುಟ್ಟುವ ಮೊದಲೇ ಕೊಯ್ಯಬೇಕು. ತಿರುಳನ್ನು ಮರಳಿನಲ್ಲಿ ತಿಕ್ಕಿ ತೊಳೆದು ಆಗಲೇ ಬಿತ್ತಬೇಕು. ಎಣ್ಣೆಯಂಶದ ಬೀಜ, ಒಣಗಿದರೆ ಕೆಟ್ಟಿತು. ಅಂಚೆಯಲ್ಲಿ ತರಿಸಿದ ಒಣಬೀಜಕ್ಕೆ ಸುಮಾರು 800 ರೂಪಾಯಿ ಕೊಟ್ಟೆ, ನೂರಕ್ಕೆ ಹತ್ತೂ ಹುಟ್ಟಲಿಲ್ಲ. ಮಾರಿದವರು ಫೋನ್ ಎತ್ತುವುದನ್ನೇ ಬಿಟ್ಟರು.

ಕೆಲಸಕ್ಕೆ ಬಂದದ್ದು ಮುಂಗಾರಿಗೆ ಮುಂಚಿನ ಹದ. ಮೇ ತಿಂಗಳಲ್ಲಿ ಒಂದೆರಡು ಅಡ್ಡಮಳೆ ಬಿದ್ದ ಮೇಲೆ, ಬಿಳಿ ಸಂಪಿಗೆಯ ಕಸಿಕಡ್ಡಿಯ ಎಲೆಗಳನ್ನು ಕಡ್ಡಿ ಮರದಲ್ಲಿರುವಾಗಲೇ ಕತ್ತರಿಸಿ ತೊಟ್ಟು ಮಾತ್ರ ಬಿಡುತ್ತೇನೆ. ಎಂಟು-ಹತ್ತು ದಿನಕ್ಕೆ ತುದಿಮೊಗ್ಗು ಉಬ್ಬುತ್ತದೆ. ಬೆರಳು ತಾಗಿಸಿದರೆ ತೊಟ್ಟು ಕಳಚಿ ಬೀಳಬೇಕು. ಎಳೆದರೆ ಮಾತ್ರ ಬರುವುದಾದರೆ ಇನ್ನೆರಡು ದಿನ ಕಾಯುತ್ತೇನೆ. ಪೆನ್ಸಿಲ್ ಗಾತ್ರದ ಬೇರುಗಿಡವೇ ಸಾಕು. ಕಡ್ಡಿ ಸಪೂರವಾಗಿದ್ದರೆ ನಡುವೆ ಕೂರಿಸದೆ ಒಂದು ಬದಿಯ ತೊಗಟೆಗೆ ಸರಿಯಾಗಿ ಹೊಂದಿಸಿ ಕಟ್ಟುತ್ತೇನೆ. ಮೇಲೆ ಐಸ್‌ಕ್ಯಾಂಡಿಯ ಪ್ಲಾಸ್ಟಿಕ್ ಕೊಳವೆಯ ಟೋಪಿ. ಕಡ್ಡಿಯನ್ನು ಕೊಯ್ದು ತಂದ ಮೇಲೆ ಕಟ್ಟುವವರೆಗೆ ಅದನ್ನು ಯಾವುದರಲ್ಲಿ ಸುತ್ತಿಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ಬೇಕಾದರೆ ತೋರಿಸುತ್ತೇನೆ, ಅದೂ ಗಿಡ ಕೊಂಡವರಿಗೆ.

ಕಳೆದ ವರ್ಷ ನೂರಕ್ಕೆ ಅರವತ್ತರ ಮೇಲೆ ಹಿಡಿದವು. ತೊಟ್ಟೆ (ಪ್ಲಾಸ್ಟಿಕ್ ಚೀಲ), ಗೊಬ್ಬರ, ಟೇಪು ಎಲ್ಲ ಸೇರಿ ಗಿಡವೊಂದಕ್ಕೆ 40 ರೂಪಾಯಿ ಬಿದ್ದಿರಬಹುದು. ನನ್ನ ಕೂಲಿ ಲೆಕ್ಕ ಹಿಡಿದಿಲ್ಲ. 200ಕ್ಕೆ ಮಾರಿದೆ, ನಕ್ಕವರಿಗೂ ಅದೇ ದರ.

ನಡುವೆ ಗೂಟಿಯನ್ನೂ (ಕೊಂಬೆಯ ತೊಗಟೆ ಸುಲಿದು, ಅಲ್ಲೇ ಬೇರು ಬರಿಸುವುದು) ಕಟ್ಟಿ ನೋಡಿದೆ. ತೊಗಟೆ ಸುಲಿದಲ್ಲಿ ಗಂಟು ಬಂತು, ಬೇರು ಬರಲಿಲ್ಲ. ಈಗ ಹಿತ್ತಲಿನ ಹಳೆಯ ಕೆಂಡಸಂಪಿಗೆಯೊಂದನ್ನು ಸೊಂಟದೆತ್ತರಕ್ಕೆ ಕಡಿದು, ಹೊಸ ಚಿಗುರುಗಳಿಗೆ ಬಿಳಿಯದನ್ನು ಕಟ್ಟಿದ್ದೇನೆ. ಎರಡು ಕೊಂಬೆ ಹಿಡಿದಿವೆ. ಅಲ್ಲಿಯೂ ಕುಂಡದಲ್ಲಿಯೂ ಕೆಲಸ ಒಂದೇ: ಕಸಿಗಂಟಿನ ಕೆಳಗೆ ಚಿಗುರು ಕಂಡ ಕೂಡಲೇ ಚಿವುಟಬೇಕು. ಬಿಟ್ಟರೆ ಬಿಳಿ ಸಂಪಿಗೆ ಸೊರಗಿ ಬೇರುಗಿಡವೇ ಮರವಾಗುತ್ತದೆ, ಗಿಡ ಒಯ್ದವರು ಜಗಳಕ್ಕೆ ಬರುತ್ತಾರೆ.